ನಮ್ಮ ಪರವಾಗಿ ಬಿದ್ದ ಮತಗಳ ಲೆಕ್ಕ



ನಾವು ಕೂತಿರುವ ಈ ಊರು ಬ್ಯಾಟರಾಯನಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಬ್ಯಾಟರಾಯನಪುರವು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. ನಮ್ಮ ಶಾಸಕರು ಯಾರು, ಸಂಸದರು ಯಾರು ಎಂದರೆ ಇಲ್ಲಿರುವವರೆಲ್ಲ ಥಟ್ಟನೆ ಹೇಳುತ್ತೀರಿ. ಯಾವ ರಸ್ತೆಗೆ ಯಾರ ಅನುದಾನದಲ್ಲಿ ಡಾಂಬರು ಬಿತ್ತು ಎಂಬುದೂ ನಿಮಗೆ ಗೊತ್ತು. ಆದರೆ ನಾವು ದೆಹಲಿಗೆ ಕಳಿಸಿದವರು ಕಳೆದ ಅಧಿವೇಶನದಲ್ಲಿ ಯಾವ ಮಸೂದೆಗೆ ಹೌದು ಎಂದರು, ಯಾವುದಕ್ಕೆ ಇಲ್ಲ ಎಂದರು, ಯಾವ ಮತದಾನದ ಹೊತ್ತಿಗೆ ಸದನದಲ್ಲಿ ಇರಲೇ ಇಲ್ಲ ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ಇದು ಮತದಾರರ ಸೋಮಾರಿತನ ಎಂದು ಬೈದು ಮುಗಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ ಲೆಕ್ಕ ನಮ್ಮ ಕೈಗೆ ಸಿಗದ ಹಾಗೆ ವ್ಯವಸ್ಥೆಯೇ ಕಟ್ಟಿಕೊಂಡಿದೆ. ಇವತ್ತಿನ ಉಪನ್ಯಾಸ ಅದರ ಬಗ್ಗೆ.

ಲೋಕಸಭೆಯಲ್ಲಿ ಒಂದು ಮಸೂದೆ ಹೇಗೆ ಪಾಸಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಚರ್ಚೆ ಮುಗಿದ ಮೇಲೆ ಸಭಾಧ್ಯಕ್ಷರು ಪ್ರಸ್ತಾವವನ್ನು ಓದಿ, ಪರ ಇರುವವರು ಹೌದು ಎನ್ನಿ, ವಿರೋಧ ಇರುವವರು ಇಲ್ಲ ಎನ್ನಿ ಎಂದು ಕೇಳುತ್ತಾರೆ. ಯಾವ ಕಡೆಯ ದನಿ ಜೋರಾಗಿದೆ ಎಂಬುದು ಅವರ ಕಿವಿಗೆ ಬಿಟ್ಟದ್ದು. ಇದೇ ಧ್ವನಿಮತ. ಯಾರೂ ಆಕ್ಷೇಪಿಸದಿದ್ದರೆ ಅಲ್ಲಿಗೆ ಮಸೂದೆ ಪಾಸು. ಯಾರು ಏನೆಂದರು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಯಾರಾದರೂ ಎದ್ದು ವಿಭಜನೆ ಬೇಕು ಎಂದರೆ ಮಾತ್ರ ಗಂಟೆ ಬಾರಿಸಿ, ಬಾಗಿಲು ಹಾಕಿ, ಸದಸ್ಯರು ತಮ್ಮ ತಮ್ಮ ಆಸನದಲ್ಲಿ ಗುಂಡಿ ಒತ್ತುತ್ತಾರೆ. ಹಸಿರು ಹೌದು, ಕೆಂಪು ಇಲ್ಲ, ಹಳದಿ ತಟಸ್ಥ. ಆಗ ಮಾತ್ರ ಹೆಸರು ಹೆಸರಾಗಿ ಪಟ್ಟಿ ಅಚ್ಚಾಗುತ್ತದೆ. ಅಲ್ಲೂ ಒಂದು ಸಂದಿ ಇದೆ. ವಿಭಜನೆಯನ್ನು ಅನಗತ್ಯವಾಗಿ ಕೇಳಲಾಗಿದೆ ಎಂದು ಸಭಾಧ್ಯಕ್ಷರಿಗೆ ಅನಿಸಿದರೆ ಸದಸ್ಯರನ್ನು ನಿಂತಲ್ಲೇ ನಿಲ್ಲಿಸಿ ತಲೆ ಎಣಿಸಬಹುದು. ಹಾಗೆ ಎಣಿಸಿದಾಗ ಹೆಸರು ದಾಖಲಿಸಬೇಕಿಲ್ಲ ಎಂದು ನಿಯಮವೇ ಹೇಳುತ್ತದೆ.

ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಕೆ ತಪ್ಪದು. ಜಿಎಸ್‌ಟಿ ತಿದ್ದುಪಡಿಗೆ 2016ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲಿ 203 ಮತ ಬಿದ್ದವು, ವಿರೋಧ ಸೊನ್ನೆ. 2023ರ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಪರ, 2 ವಿರೋಧ. ಇವು ನಮಗೆ ಗೊತ್ತಿರುವುದು ಸಂವಿಧಾನ ಎಣಿಸು ಎಂದು ಕಟ್ಟಪ್ಪಣೆ ಮಾಡಿರುವುದರಿಂದ. ಉಳಿದ ಬಹುಪಾಲು ಕಾನೂನುಗಳು ಧ್ವನಿಯಲ್ಲೇ ತೇಲಿ ಹೋಗುತ್ತವೆ. ತೆಲಂಗಾಣ ರಾಜ್ಯ ರಚನೆಯಂಥ ದೊಡ್ಡ ತೀರ್ಮಾನ 2014ರ ಫೆಬ್ರವರಿ 18ರಂದು ಲೋಕಸಭೆಯಲ್ಲಿ ಧ್ವನಿಮತದಿಂದ ಆಯಿತು, ಅದೂ ನೇರಪ್ರಸಾರ ನಿಂತುಹೋಗಿದ್ದ ಹೊತ್ತಿನಲ್ಲಿ. ಕೃಷಿ ಮಸೂದೆಗಳು 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಪಾಸಾದದ್ದು ವಿರೋಧಪಕ್ಷದವರು ವಿಭಜನೆ ಕೇಳುತ್ತಿದ್ದಾಗಲೇ, ಧ್ವನಿಮತದಿಂದ. ನಮ್ಮ ವಿಧಾನ ಪರಿಷತ್ತಿನಲ್ಲಿ 2021ರ ಫೆಬ್ರವರಿ 8ರಂದು ಗೋಹತ್ಯೆ ನಿಷೇಧ ಮಸೂದೆಗೂ ಹಾಗೆಯೇ ಆಯಿತು. ಒಂದು ಸಂದರ್ಭದಲ್ಲಿ ಕಾಂಗ್ರೆಸ್ ಸರ್ಕಾರ, ಇನ್ನೆರಡರಲ್ಲಿ ಬಿಜೆಪಿ ಸರ್ಕಾರ. ಆ ಮಸೂದೆಗಳು ಒಳ್ಳೆಯವೋ ಕೆಟ್ಟವೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಆ ದಿನ ನಮ್ಮವರು ಯಾವ ಕಡೆ ಇದ್ದರು ಎಂಬುದಕ್ಕೆ ಸದನದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ನನಗೆ ನೋವಾಗುವುದು ಅಲ್ಲಿ. ಹೆಸರು ಬರೆದಿಡುವುದು ಆಗದ ಕೆಲಸವೇನಲ್ಲ; ಬ್ರಿಟನ್ನಿನ ಕಾಮನ್ಸ್ ಸಭೆ ವಿಭಜನೆಯ ಹೆಸರುಪಟ್ಟಿಯನ್ನು 1836ರಿಂದಲೇ ಪ್ರಕಟಿಸುತ್ತಾ ಬಂದಿದೆ.

ಈಗ ನಮ್ಮದೇ ಕ್ಷೇತ್ರದ ಒಂದು ಮತಕ್ಕೆ ಬರುತ್ತೇನೆ. ಬೆಂಗಳೂರು ಉತ್ತರದ ಸಂಸದರೊಬ್ಬರು ಹಾಕಿದ ಮತ ಇಡೀ ದೇಶಕ್ಕೆ ಗೊತ್ತಾಗಿ, ಅದಕ್ಕೆ ಅವರು ಬೆಲೆ ತೆತ್ತದ್ದು 2008ರಲ್ಲಿ.

ಎಚ್.ಟಿ. ಸಾಂಗ್ಲಿಯಾನ ಮಿಜೋರಾಂ ಮೂಲದವರು. ಕರ್ನಾಟಕದ ಪೊಲೀಸ್ ಇಲಾಖೆಗೆ ಬಂದು, ಇಲ್ಲೇ ನೆಲೆಸಿ, ಹೆಸರು ಮಾಡಿದ ಅಧಿಕಾರಿ. ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’ ಚಿತ್ರ 1988ರಲ್ಲಿ ಬಂದ ಮೇಲೆ ಆ ಹೆಸರು ಹಳ್ಳಿ ಹಳ್ಳಿಗೂ ಹೋಯಿತು. ನಿವೃತ್ತಿಯ ನಂತರ 2004ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ನಿಂತು ಸಿ.ಕೆ. ಜಾಫರ್ ಷರೀಫರನ್ನು ಸೋಲಿಸಿದರು. ಅದು ಸಣ್ಣ ಗೆಲುವಲ್ಲ. 1977ರಿಂದ ಅಲ್ಲಿಯವರೆಗೆ, 1996ರ ಒಂದು ಚುನಾವಣೆ ಬಿಟ್ಟರೆ, ಈ ಕ್ಷೇತ್ರ ಷರೀಫರದೇ ಆಗಿತ್ತು. ಆಗ ಕ್ಷೇತ್ರದ ಗಡಿಗಳು ಬೇರೆ ಇದ್ದವು. ಈಗಿನ ಗೆರೆಗಳು 2008ರ ಪುನರ್ವಿಂಗಡಣೆಯಲ್ಲಿ ಬಂದವು. ಅದು ಮುಂದೆ ನಮ್ಮ ಮಾತಿಗೆ ಬೇಕಾಗುತ್ತದೆ.

ಭಾರತ-ಅಮೆರಿಕ ಅಣು ಒಪ್ಪಂದದ ಮೊದಲ ಹೇಳಿಕೆ ಬಂದದ್ದು 2005ರ ಜುಲೈ 18ರಂದು. ನಮ್ಮ ನಾಗರಿಕ ಅಣುಸ್ಥಾವರಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಡ್ಡುವುದು, ಅದಕ್ಕೆ ಪ್ರತಿಯಾಗಿ ಹೊರಗಿನಿಂದ ಯುರೇನಿಯಂ ಮತ್ತು ತಂತ್ರಜ್ಞಾನ ಪಡೆಯುವುದು ಅದರ ತಿರುಳು. ಆ ವರ್ಷಗಳಲ್ಲಿ ಯುರೇನಿಯಂ ಸಾಲದೆ ದೇಶದ ರಿಯಾಕ್ಟರುಗಳು ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿರಲಿಲ್ಲ. ನಮ್ಮ ಕೈಗಾ ಕೂಡ ಆ ಕೊರತೆ ಕಂಡಿತ್ತು. ಎಡಪಕ್ಷಗಳು ಅಮೆರಿಕದ ಕೈಗೆ ಸಿಕ್ಕಿಬೀಳುತ್ತೇವೆ ಎಂದವು. ಬಿಜೆಪಿಯ ಆಕ್ಷೇಪ ಬೇರೆ: ಮುಂದೆ ಅಣುಪರೀಕ್ಷೆ ಮಾಡುವ ಸ್ವಾತಂತ್ರ್ಯಕ್ಕೆ ಇದು ಬೇಲಿ ಹಾಕುತ್ತದೆ ಎಂದು. ಎರಡೂ ಗಂಭೀರವಾದ ವಾದಗಳೇ. 2008ರ ಜುಲೈನಲ್ಲಿ ಎಡಪಕ್ಷಗಳು ಬೆಂಬಲ ವಾಪಸು ಪಡೆದವು. ಮನಮೋಹನ್ ಸಿಂಗ್ ವಿಶ್ವಾಸಮತ ಕೇಳಿದರು. ಜುಲೈ 22ರ ಸಂಜೆ ಮತದಾನಕ್ಕೆ ಮುಂಚೆ ಬಿಜೆಪಿಯ ಮೂವರು ಸದಸ್ಯರು ನೋಟಿನ ಕಟ್ಟುಗಳನ್ನು ಸದನದ ಮೇಜಿನ ಮೇಲೆ ಸುರಿದರು. ಆ ದೃಶ್ಯ ನಿಮಗೆಲ್ಲ ನೆನಪಿರುತ್ತದೆ. ಕೊನೆಗೆ ಗುಂಡಿಯ ಬದಲು ಚೀಟಿಯಲ್ಲಿ ಬರೆದುಕೊಟ್ಟ ಮತಗಳೂ ಸೇರಿ ಪರ 275, ವಿರೋಧ 256.

ಆ 275ರಲ್ಲಿ ಬೆಂಗಳೂರು ಉತ್ತರದ ಮತವೂ ಒಂದು. ಪಕ್ಷ ವಿಪ್ ಕೊಟ್ಟಿತ್ತು, ವಿರೋಧಿಸಿ ಎಂದು. ಸಾಂಗ್ಲಿಯಾನ ಸರ್ಕಾರದ ಪರ ಮತ ಹಾಕಿದರು. ಒಪ್ಪಂದ ದೇಶದ ಹಿತಕ್ಕೆ ಬೇಕು ಎಂಬುದು ಅವರು ಕೊಟ್ಟ ಕಾರಣ. ಪಕ್ಷ ಅವರನ್ನು ಉಚ್ಚಾಟಿಸಿತು. ಅದೇ ವಾರ ಸಭಾಧ್ಯಕ್ಷ ಸೋಮನಾಥ ಚಟರ್ಜಿಯವರನ್ನು ಸಿಪಿಎಂ ಹೊರಹಾಕಿತು. ಅವರು ಮಾಡಿದ್ದು ಕುರ್ಚಿ ಬಿಟ್ಟು ಇಳಿಯುವುದಿಲ್ಲ ಎಂದದ್ದು ಅಷ್ಟೇ.

ಸಾಂಗ್ಲಿಯಾನರ ಮತ ಸರಿಯೇ ತಪ್ಪೇ ಎಂಬುದಕ್ಕೆ ಊರಿನಲ್ಲಿ ಎರಡು ಉತ್ತರಗಳಿದ್ದವು. ಕಮಲದ ಗುರುತಿಗೆ ವೋಟು ಹಾಕಿದವರ ನಂಬಿಕೆ ಮುರಿದರು ಎಂದವರಿದ್ದರು. ಅವರ ಮಾತು ಹಗುರವಾದದ್ದಲ್ಲ. 2004ರಲ್ಲಿ ಬಿದ್ದ ವೋಟುಗಳಲ್ಲಿ ಎಷ್ಟು ಮನುಷ್ಯನಿಗೆ, ಎಷ್ಟು ಪಕ್ಷಕ್ಕೆ ಎಂದು ಯಾರೂ ಬಿಡಿಸಿ ಹೇಳಲಾರರು. ಇನ್ನೊಂದು ಕಡೆ, ದೇಶದ ಇಂಧನ, ರಕ್ಷಣೆ, ವಿದೇಶ ನೀತಿ ಮೂರೂ ಕೂಡಿದ ಒಂದು ಪ್ರಶ್ನೆಯಲ್ಲಿ ತನಗೆ ತೋಚಿದ್ದನ್ನು ಬಹಿರಂಗವಾಗಿ, ಹೆಸರು ದಾಖಲಾಗುವ ಹಾಗೆ ಹೇಳಿದವರು ಎಂದು ಮೆಚ್ಚಿದವರೂ ಇದ್ದರು. ನನ್ನ ಅಭಿಪ್ರಾಯ ಎರಡನೆಯವರ ಕಡೆಗಿದೆ. ನಿಲುವು ಸರಿ ಎಂಬ ಕಾರಣಕ್ಕಲ್ಲ. ನಿಲುವು ಬಯಲಿನಲ್ಲಿತ್ತು ಎಂಬ ಕಾರಣಕ್ಕೆ. ಪಕ್ಷದ ಮಾತು ಮೀರುವುದು ತಪ್ಪಾದರೆ ಆ ತಪ್ಪಿಗೆ ತೀರ್ಪು ಕೊಡುವ ಹಕ್ಕು ಮೊದಲು ಈ ಕ್ಷೇತ್ರದ ಮತದಾರರದು.

ಆ ತೀರ್ಪು ಬರಲೇ ಇಲ್ಲ. 2009ರ ಚುನಾವಣೆಯಲ್ಲಿ ಸಾಂಗ್ಲಿಯಾನ ಕಾಂಗ್ರೆಸ್ಸಿನಿಂದ ಸ್ಪರ್ಧಿಸಿದ್ದು ಪುನರ್ವಿಂಗಡಣೆಯಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಕೇಂದ್ರದಲ್ಲಿ, ಅಲ್ಲಿ ಪಿ.ಸಿ. ಮೋಹನ್ ಎದುರು ಸೋತರು. ಬೆಂಗಳೂರು ಉತ್ತರದಿಂದ ಗೆದ್ದವರು ಡಿ.ಬಿ. ಚಂದ್ರೇಗೌಡರು. ಸಾಂಗ್ಲಿಯಾನರನ್ನು ದೆಹಲಿಗೆ ಕಳಿಸಿದ್ದ ಕ್ಷೇತ್ರಕ್ಕೆ ಅವರ ಮತ ಒಪ್ಪಿಗೆಯೋ ಇಲ್ಲವೋ ಹೇಳುವ ಅವಕಾಶವೇ ಸಿಗಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಈ ಕ್ಷೇತ್ರದ ಹೆಸರಿನಲ್ಲಿ ಬಿದ್ದ ಅತ್ಯಂತ ಚರ್ಚಿತ ಮತ, ಲೆಕ್ಕ ಒಪ್ಪಿಸದೆ ಉಳಿದುಹೋಯಿತು.

ಇಲ್ಲಿ ಪಕ್ಷಾಂತರ ನಿಷೇಧದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಂವಿಧಾನದ ಹತ್ತನೇ ಅನುಸೂಚಿ ಬಂದದ್ದು 1985ರಲ್ಲಿ, 52ನೇ ತಿದ್ದುಪಡಿಯಿಂದ. ಅದಕ್ಕೆ ಕಾರಣವಿತ್ತು. 1967ರ ನಂತರ ರಾಜ್ಯ ರಾಜ್ಯಗಳಲ್ಲಿ ಶಾಸಕರು ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಎನ್ನುವಂತಾಗಿತ್ತು. ಆದರೆ ಕಾನೂನು ಪಕ್ಷ ಬಿಡುವವನನ್ನಷ್ಟೇ ಹಿಡಿಯಲಿಲ್ಲ. ಪಕ್ಷದಲ್ಲೇ ಇದ್ದು ಯಾವುದೇ ಒಂದು ವಿಷಯದಲ್ಲಿ ವಿಪ್ ಮೀರಿ ಮತ ಹಾಕಿದವನೂ, ಮತ ಹಾಕದೆ ಉಳಿದವನೂ ಸ್ಥಾನ ಕಳೆದುಕೊಳ್ಳಬಹುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಪಾರು. ಹೀಗಾಗಿ ಬೀಜದ ಮಸೂದೆಯಿರಲಿ, ಬಂದರಿನ ಮಸೂದೆಯಿರಲಿ, ಸರ್ಕಾರ ಬೀಳುವ ಪ್ರಶ್ನೆಯೇ ಇಲ್ಲದ ಕಡೆಯೂ ಸದಸ್ಯನ ಕೈ ಕಟ್ಟಿಹೋಯಿತು.

1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಅನರ್ಹತೆಯನ್ನು ವಿಶ್ವಾಸ, ಅವಿಶ್ವಾಸದಂಥ ಮತಗಳಿಗೆ ಸೀಮಿತಗೊಳಿಸಿ ಎಂದಿತು. 1992ರ ಕಿಹೊಟೊ ಹೊಲ್ಲೊಹನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಜೊತೆಗೇ, ಅನರ್ಹತೆಯ ಭಯ ಹುಟ್ಟಿಸುವ ವಿಪ್ ಸರ್ಕಾರದ ಅಳಿವು ಉಳಿವಿನ ಮತಕ್ಕೆ ಅಥವಾ ಪಕ್ಷದ ಮುಖ್ಯ ನೀತಿಗೆ ಮಾತ್ರ ಇರಲಿ ಎಂಬ ಅಭಿಪ್ರಾಯವನ್ನೂ ಬರೆಯಿತು. ಪಕ್ಷಗಳು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟವು. ಈ ಬಗ್ಗೆ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರೂ ಅದು ಮುಂದೆ ಸಾಗಲಿಲ್ಲ. ಯಾವ ಪಕ್ಷದ ನಾಯಕತ್ವಕ್ಕೂ ಇದು ಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ಪಕ್ಷಾಂತರವನ್ನಾದರೂ ತಡೆಯಿತೇ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರು ಉತ್ತರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮೂರರ ಶಾಸಕರು 2019ರ ಜುಲೈನಲ್ಲಿ ಅನರ್ಹಗೊಂಡ ಹದಿನೇಳು ಮಂದಿಯಲ್ಲಿದ್ದರು: ಯಶವಂತಪುರದ ಎಸ್.ಟಿ. ಸೋಮಶೇಖರ್, ಕೆ.ಆರ್. ಪುರದ ಬೈರತಿ ಬಸವರಾಜ್, ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ. ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತಕ್ಕೆ 99 ಪರ, 105 ವಿರೋಧ ಬಿದ್ದಾಗ ಇವರು ಸದನದಲ್ಲಿ ಇರಲಿಲ್ಲ. ಸರ್ಕಾರ ಬಿತ್ತು, ಬೀಳಿಸಿದವರ ಹೆಸರು ಮತಪಟ್ಟಿಯಲ್ಲಿ ಇಲ್ಲ. ಅವರು ಮೊದಲೇ ಕೊಟ್ಟಿದ್ದ ರಾಜೀನಾಮೆ ಪತ್ರವೇ ಮತದ ಜಾಗ ಹಿಡಿದಿತ್ತು. ಆಗಿನ ಸ್ಪೀಕರ್ ರಮೇಶ್ ಕುಮಾರ್ ಕೊಟ್ಟ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಎತ್ತಿಹಿಡಿದು, ಮರುಸ್ಪರ್ಧೆಗಿದ್ದ ತಡೆಯನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಮೂವರೂ ಬಿಜೆಪಿಯಿಂದ ಗೆದ್ದರು, ಫೆಬ್ರವರಿಯಲ್ಲಿ ಮಂತ್ರಿಗಳಾದರು. ಮತದಾರರು ಒಪ್ಪಿದರಲ್ಲ ಎನ್ನಬಹುದು. ನಿಜ, ಅಲ್ಲಿ ಜನರ ಮುಂದೆ ಹೋದರು; ಸಾಂಗ್ಲಿಯಾನರ ವಿಷಯದಲ್ಲಿ ಆಗದ್ದು ಇಲ್ಲಿ ಆಯಿತು. ಆದರೆ ಜನ ಉತ್ತರ ಕೊಟ್ಟದ್ದು ಯಾವ ಪ್ರಶ್ನೆಗೆ? ಯಾವ ನೀತಿಯಲ್ಲಿ ಹಿಂದಿನ ಸರ್ಕಾರ ತಪ್ಪಿತ್ತು ಎಂದು ಸದನದಲ್ಲಿ ಎದ್ದು ಹೇಳಿ ಮತ ಹಾಕಿದ್ದರೆ ಆ ಪ್ರಶ್ನೆಗೊಂದು ರೂಪ ಇರುತ್ತಿತ್ತು.

ಯಶವಂತಪುರದ ಕತೆ ಅಲ್ಲಿಗೆ ಮುಗಿಯಲಿಲ್ಲ. 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಸೋಮಶೇಖರ್ ತಮ್ಮ ಪಕ್ಷ ಬಿಟ್ಟು ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು; ಯಲ್ಲಾಪುರದ ಶಿವರಾಮ ಹೆಬ್ಬಾರ್ ಗೈರಾದರು. ಇಬ್ಬರನ್ನೂ ಬಿಜೆಪಿ 2025ರ ಮೇನಲ್ಲಿ ಉಚ್ಚಾಟಿಸಿತು. ಆ ಚುನಾವಣೆಯಲ್ಲಿ ಶಾಸಕರು ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕು. 2003ರ ತಿದ್ದುಪಡಿಯ ನಿಯಮ ಅದು. ಅಂದರೆ ಶಾಸಕ ಯಾರಿಗೆ ಮತ ಹಾಕಿದ ಎಂದು ನೋಡುವ ಹಕ್ಕು ಕಾನೂನಿನಲ್ಲೇ ಪಕ್ಷಕ್ಕೆ ಉಂಟು, ಅವನನ್ನು ಆರಿಸಿದ ಮತದಾರನಿಗೆ ಇಲ್ಲ. ಕ್ಷೇತ್ರಕ್ಕೆ ಅನುದಾನದ ಭರವಸೆ ಕೊಡುವವರಿಗೆ ಮತ ಎಂದು ಸೋಮಶೇಖರ್ ಆಗ ಹೇಳಿದ್ದರು. ಕ್ಷೇತ್ರಕ್ಕೆ ನೀರು, ರಸ್ತೆ ಬೇಡವೆಂದು ಯಾರು ಹೇಳುತ್ತಾರೆ? ಆದರೂ ರಾಜ್ಯಸಭೆಗೆ ಹೋಗುವವರು ಆರು ವರ್ಷ ದೇಶದ ಕಾನೂನು ಮಾಡುತ್ತಾರೆ. ಅವರನ್ನು ಅಳೆಯುವ ಕೋಲು ಅನುದಾನವಾದರೆ ಕಾನೂನನ್ನು ಅಳೆಯುವವರು ಯಾರು?

ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಬಾರದೆ ನಡೆದಿದೆ. 2014ರಿಂದ ಬೆಂಗಳೂರು ಉತ್ತರವನ್ನು ಪ್ರತಿನಿಧಿಸಿದ ಡಿ.ವಿ. ಸದಾನಂದಗೌಡರು 2021ರ ಜುಲೈವರೆಗೆ ಕೇಂದ್ರ ಮಂತ್ರಿ: ರೈಲ್ವೆ, ಕಾನೂನು, ಅಂಕಿಅಂಶ, ರಸಗೊಬ್ಬರ ಹೀಗೆ. 2024ರಲ್ಲಿ ಗೆದ್ದ ಶೋಭಾ ಕರಂದ್ಲಾಜೆಯವರೂ ಕೇಂದ್ರದಲ್ಲಿ ರಾಜ್ಯ ಸಚಿವೆಯಾದರು. ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಖಾಸಗಿ ಮಸೂದೆ ತರುವುದಿಲ್ಲ, ಹಾಜರಿ ಪುಸ್ತಕಕ್ಕೆ ಸಹಿಯನ್ನೂ ಹಾಕುವುದಿಲ್ಲ. ಸರ್ಕಾರದ ನಿಲುವೇ ಅವರ ನಿಲುವು. ಕ್ಷೇತ್ರಕ್ಕೆ ಮಂತ್ರಿ ಸಿಕ್ಕರೆ ನಾವು ಪಟಾಕಿ ಹೊಡೆಯುತ್ತೇವೆ. ಅದೇ ಹೊತ್ತಿನಲ್ಲಿ ಸದನದಲ್ಲಿ ನಮ್ಮ ಪರವಾಗಿ ಪ್ರಶ್ನೆ ಕೇಳುವ ಒಬ್ಬರನ್ನು ಕಳೆದುಕೊಂಡಿರುತ್ತೇವೆ. ಜಾಫರ್ ಷರೀಫರನ್ನೂ ಜನ ನೆನೆಯುವುದು ರೈಲಿನ ಮೂಲಕವೇ. ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಲ್ಲಿ ಶುರುವಾದಾಗ ಅವರು ರೈಲ್ವೆ ಖಾತೆಯಲ್ಲಿದ್ದರು, 1991ರಿಂದ ರೈಲ್ವೆ ಮಂತ್ರಿಯಾಗಿ ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡುವ ಕೆಲಸ ಹಿಡಿದರು. ಕರ್ನಾಟಕ ಆ ಋಣ ಮರೆಯಬಾರದು. ಆದರೆ ಆರ್ಥಿಕ ಉದಾರೀಕರಣ, ಮಂಡಲ್, ಬಾಬರಿ ಮಸೀದಿ ಹೀಗೆ ದೇಶ ಅಲುಗಾಡಿದ ಆ ಕಾಲದಲ್ಲಿ ಸದನದಲ್ಲಿ ಅವರ ನಿಲುವು ಏನಿತ್ತು ಎಂದು ಈ ಭಾಗದಲ್ಲಿ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ನಿಲುವನ್ನು ಬಹಿರಂಗವಾಗಿ ಇಡುವುದಕ್ಕೆ ನಮ್ಮ ಹತ್ತಿರದಲ್ಲೇ ಒಂದು ಉದಾಹರಣೆ ಇದೆ, ಅದೂ ಸಂಸತ್ತಿನ ಹೊರಗೆ. ಬ್ಯಾಟರಾಯನಪುರವನ್ನು 2008ರಿಂದ ಪ್ರತಿನಿಧಿಸುತ್ತಿರುವ ಕೃಷ್ಣ ಬೈರೇಗೌಡರು ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರ ಕೂತವರು. ಕೇಂದ್ರ ತೆರಿಗೆಗಳಲ್ಲಿ ರಾಜ್ಯದ ಪಾಲು 14ನೇ ಹಣಕಾಸು ಆಯೋಗದ 4.713 ಶೇಕಡದಿಂದ 15ನೇ ಆಯೋಗದಲ್ಲಿ 3.647ಕ್ಕೆ ಇಳಿದದ್ದನ್ನು ಅಂಕಿ ಸಮೇತ ಮತ್ತೆ ಮತ್ತೆ ಹೇಳಿದವರು. 2023ರ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಬಂದದ್ದು 3,454 ಕೋಟಿ. ಪಾಲು ನಿಗದಿ ಮಾಡುವುದು ಆಯೋಗ, ಕೇಂದ್ರವಲ್ಲ ಎಂಬುದು ಎದುರು ಪಕ್ಷದ ಉತ್ತರ. ನೀವು ಯಾವ ಕಡೆಯಾದರೂ ಇರಿ; ಇಲ್ಲಿ ಅಂಕಿ ಇದೆ, ಉತ್ತರ ಇದೆ, ಮತದಾರ ಎರಡನ್ನೂ ತೂಗಬಹುದು. ಆದರೆ ಜಿಎಸ್‌ಟಿ ಮಂಡಳಿಯೂ ಮತಕ್ಕೆ ಹಾಕುವ ಜಾಗವಲ್ಲ. ಕೇಂದ್ರಕ್ಕೆ ಮೂರನೇ ಒಂದು, ರಾಜ್ಯಗಳಿಗೆ ಮೂರನೇ ಎರಡು ತೂಕ ಎಂದು ಸಂವಿಧಾನ ಬರೆದಿಟ್ಟಿದ್ದರೂ ಅಲ್ಲಿ ಮೊದಲ ಸಲ ಮತದಾನ ನಡೆದದ್ದು 2019ರ ಡಿಸೆಂಬರಿನಲ್ಲಿ, ಲಾಟರಿ ಮೇಲಿನ ತೆರಿಗೆಗಾಗಿ. ಸಹಮತವೇ ಅಲ್ಲಿನ ಪದ್ಧತಿ. ಸಹಮತ ಒಳ್ಳೆಯದೇ, ಆದರೆ ಯಾರು ಎಲ್ಲಿ ಬಗ್ಗಿದರು, ಎಲ್ಲಿ ಪಟ್ಟು ಹಿಡಿದರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ಹಾಗಾದರೆ ಏನು ಕೇಳಬೇಕು? ನನ್ನ ಬೇಡಿಕೆ ಎರಡು. ಪ್ರತಿ ಮಸೂದೆಯ ಅಂತಿಮ ಓದಿಗೆ, ಯಾರೂ ಕೇಳದಿದ್ದರೂ, ಗುಂಡಿ ಒತ್ತಿ ಹೆಸರು ದಾಖಲಾಗಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಸದನ ತನ್ನ ನಿಯಮವನ್ನು ಬದಲಿಸಿದರೆ ಸಾಕು. ಯಂತ್ರ ಪ್ರತಿ ಆಸನದಲ್ಲೂ ಇದೆ. ಸಮಯ ಹಾಳು ಎನ್ನುವವರಿಗೆ ಹೇಳುತ್ತೇನೆ: 140 ಕೋಟಿ ಜನರ ಮೇಲೆ ಬೀಳುವ ಕಾನೂನಿಗೆ ಕೆಲವು ನಿಮಿಷ ಹೆಚ್ಚಲ್ಲ. ಇನ್ನೊಂದು, ಸರ್ಕಾರದ ಉಳಿವು ಮತ್ತು ಹಣದ ಮಸೂದೆಗಳನ್ನು ಬಿಟ್ಟು ಉಳಿದ ಕಡೆ ವಿಪ್ ಮೀರಿದ್ದಕ್ಕೆ ಸ್ಥಾನ ಹೋಗಬಾರದು. ಪಕ್ಷ ಬೇಕಾದರೆ ಉಚ್ಚಾಟಿಸಲಿ, ಟಿಕೆಟ್ ಕೊಡದಿರಲಿ, ಅದು ಪಕ್ಷದ ಹಕ್ಕು. ಹಣಕ್ಕೆ ಮತ ಮಾರಿದವರನ್ನು ಹಿಡಿಯಲು ಬೇರೆ ದಾರಿ ಈಗ ಇದೆ. ಸದನದೊಳಗಿನ ಮತಕ್ಕೆ ಲಂಚ ಪಡೆದ ಸದಸ್ಯರಿಗೆ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು, 1998ರ ಹಳೆಯ ತೀರ್ಪನ್ನು ಬದಿಗೊತ್ತಿ, ಹೇಳಿದೆ. ಇವೆರಡೂ ಒಟ್ಟಿಗೆ ಬರಬೇಕು ಎಂಬುದು ನನ್ನ ಒತ್ತಾಯ. ವಿಪ್ ಸಡಿಲಾಗದೆ ಬರೀ ಹೆಸರು ಬರೆದರೆ ಪಕ್ಷದ ಪಟ್ಟಿಯನ್ನೇ ಇನ್ನೊಮ್ಮೆ ಅಚ್ಚು ಹಾಕಿದಂತಾಗುತ್ತದೆ. ಹೆಸರು ದಾಖಲಾಗದೆ ಬರೀ ವಿಪ್ ಸಡಿಲಿಸಿದರೆ ಕತ್ತಲಲ್ಲಿ ಬೆಲೆ ಕಟ್ಟುವವರಿಗೆ ಅನುಕೂಲ.

ನಿಯಮ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ವಿಭಜನೆ ನಡೆದ ಮಸೂದೆಗಳಲ್ಲಿ ಹೌದು, ಇಲ್ಲ ಎಂದವರ ಹೆಸರು ಲೋಕಸಭೆಯ ಚರ್ಚೆಗಳ ಅಧಿಕೃತ ಸಂಪುಟಗಳಲ್ಲಿ ಅಚ್ಚಾಗುತ್ತದೆ, ಯಾರು ಬೇಕಾದರೂ ಓದಬಹುದು. 2025ರ ಏಪ್ರಿಲಿನಲ್ಲಿ ವಕ್ಫ್ ತಿದ್ದುಪಡಿಗೆ ಲೋಕಸಭೆಯಲ್ಲಿ 288 ಪರ, 232 ವಿರೋಧ ಬಿದ್ದವು. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆ ಮಸೂದೆಯ ಮಂಡನೆಗೇ 269, 198 ಎಂದು ಎಣಿಕೆಯಾಯಿತು. ಆ ಪಟ್ಟಿಗಳಲ್ಲಿ ಕರ್ನಾಟಕದ 28 ಮಂದಿಯ ಹೆಸರು ಎಲ್ಲಿದೆ, ಯಾರದು ಇಲ್ಲ ಎಂದು ತೆಗೆದು ನೋಡುವುದು ಒಂದು ಮಧ್ಯಾಹ್ನದ ಕೆಲಸ. ಇಲ್ಲಿನ ಗ್ರಂಥಾಲಯದ ಗೋಡೆಯಲ್ಲಿ, ದಿನಪತ್ರಿಕೆಯ ಪಕ್ಕ, ಪ್ರತಿ ಅಧಿವೇಶನ ಮುಗಿದ ಮೇಲೆ ಅಂಥ ಒಂದು ಹಾಳೆ ಅಂಟಲಿ. ಮುಂದಿನ ಸಲ ಮತ ಕೇಳಲು ಬಂದವರಿಗೆ ರಸ್ತೆ, ಮೋರಿ, ಬೀದಿದೀಪದ ಪ್ರಶ್ನೆ ಕೇಳಿ ಮುಗಿದ ಮೇಲೆ ಆ ಹಾಳೆ ತೋರಿಸಿ, ಈ ದಿನ ನೀವೋ ನಿಮ್ಮ ಪಕ್ಷದವರೋ ಯಾವ ಕಡೆ ಇದ್ದಿರಿ, ಯಾಕೆ ಎಂದು ಕೇಳೋಣ. ಗೈರಾಗಿದ್ದವರಿಗೆ ಅದರ ಕಾರಣವನ್ನೂ ಕೇಳೋಣ.